ಸೇವಂತಿಯ ಹೆಸರು

ಆ ಸೈಕಲ್ಲಿನ ಹಿಂದೆಯೇ ಹೋಗಬೇಕು, ಆದರೆ ತೀರ ಹತ್ತಿರ ಹೋಗಬಾರದು ಎಂದು ರಿಕ್ಷಾದವನಿಗೆ ಹಿಂದಿಯಲ್ಲಿ ಹೇಳಿ ಕಾಂತಪ್ಪ ಸೀಟಿನ ಮೂಲೆಗೆ ಸರಿದು ಕುಳಿತ. ಭಾನುವಾರದ ಬೆಳಗು. ಹಾಲಿನವರು, ಪೇಪರಿನವರು, ವಾಕಿಂಗಿಗೆ ಹೊರಟ ಮುದುಕರು ಬಿಟ್ಟರೆ ಬೊರಿವಲಿಯ ರಸ್ತೆಗಳಲ್ಲಿ ಇನ್ನೂ ಯಾರೂ ಇರಲಿಲ್ಲ. ಮುಂದೆ ಮಗ ಪ್ರೀತಮ್ ಯಾವ ಅವಸರವೂ ಇಲ್ಲದೆ ಸೈಕಲ್ ತುಳಿಯುತ್ತಿದ್ದ. ಬೆನ್ನಿಗೊಂದು ಹಳೆಯ ಬ್ಯಾಗು, ಕಾಲಿಗೆ ಮೊಣಕಾಲಿನ ತನಕ ಬರುವ ಗಂಬೂಟು. ಇಷ್ಟು ನಿಧಾನಕ್ಕೆ ಓಡಿಸಿ ಅಭ್ಯಾಸವಿಲ್ಲದ ರಿಕ್ಷಾದವನು ಎರಡು ಸಲ ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಆಮೇಲೆ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ, “ಲಡ್ಕಾ ಆಪ್ಕಾ ಹೈ?” ಅಂದ.

“ಹಾಂ.”

“ಲಡ್ಕೀ ಕಾ ಮಾಮ್ಲಾ?”

ಹುಡುಗಿಯ ವಿಷಯವೇ ಎಂಬ ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಕಾಂತಪ್ಪನೂ ಹೊರಟದ್ದು.

ಬೊರಿವಲಿ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಕಾಂತಪ್ಪನ ಹೋಟೆಲು. ಮೂಲ್ಕಿಯ ಕಡೆಯಿಂದ ಮೀಸೆ ಬರುವ ಮೊದಲೇ ಬಂದು, ಬೇರೆಯವರ ಹೋಟೆಲುಗಳಲ್ಲಿ ತಟ್ಟೆ ತೊಳೆದು, ಸಪ್ಲೈಯರ್ ಆಗಿ, ಮ್ಯಾನೇಜರ್ ಆಗಿ, ಕೊನೆಗೆ ತನ್ನದು ಅಂತ ಮಾಡಿಕೊಂಡದ್ದು. ಬೋರ್ಡು ಬರೆಸುವಾಗ ದೇವರ ಹೆಸರಿಡು ಎಂದವರೇ ಎಲ್ಲ. ಅವನು ಯಾರ ಮಾತೂ ಕೇಳದೆ ಹೆಂಡತಿಯ ಹೆಸರಿಟ್ಟ. ಸೇವಂತಿ, ಶುದ್ಧ ಶಾಕಾಹಾರಿ. ದಾರಿಹೋಕರೆಲ್ಲ ತನ್ನ ಹೆಸರು ಓದುವ ಹಾಗಾಯಿತಲ್ಲ ಎಂದು ಅವಳು ನಾಚಿಕೆಯಿಂದ ಒಂದು ವಾರ ಮಾತು ಬಿಟ್ಟಿದ್ದಳು. ಈಗ ರಿಕ್ಷಾದವರಿಗೆ “ಶೇವಂತಿ ಕೇ ಬಾಜೂ ಮೇ” ಅಂದರೆ ಸಾಕು, ತಂದು ನಿಲ್ಲಿಸುತ್ತಾರೆ. ಮರಾಠಿಯವರ ಬಾಯಲ್ಲಿ ಅದು ಶೇವಂತಿ. ಆ ಶೇವಂತಿಯೂ ಅವಳಿಗೆ ಒಗ್ಗಿಹೋಗಿತ್ತು. ತರಕಾರಿ ಮಾರ್ಕೆಟ್ಟಿನಲ್ಲಿ ಯಾರಾದರೂ ತನ್ನ ಹೆಸರು ಅಚ್ಚಾದ ಹೋಟೆಲಿನ ಚೀಲ ಹಿಡಿದು ಹೋಗುವುದು ಕಂಡರೆ ಮನೆಗೆ ಬಂದು ಹೇಳುತ್ತಿದ್ದಳು.

ಪ್ರೀತಮ್ ಅವರ ಒಬ್ಬನೇ ಮಗ. ಕಾಲೇಜು ಮುಗಿಸಿ ಹೋಟೆಲಿಗೆ ಬಂದು ಕೂತಾಗ ಕಾಂತಪ್ಪ ಊರಿನ ದೈವಕ್ಕೆ ಕಾಣಿಕೆ ಕಳುಹಿಸಿದ್ದ. ಇವನ ಜೊತೆಗಾರರ ಮಕ್ಕಳೆಲ್ಲ ಅಂಧೇರಿಯ ಆಫೀಸುಗಳಿಗೆ ಸೇರಿ, ಹೋಟೆಲೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಹುಡುಗ ಚೆನ್ನಾಗಿಯೇ ನಡೆಸಿಕೊಂಡು ಹೋಗುತ್ತಿದ್ದ. ಈ ಸಲದ ಮಳೆಗಾಲ ಮುಗಿದ ಮೇಲೆ ಏನಾಯಿತೋ ಏನೋ, ಬೈಕ್ ಮಾರಿ ಸೈಕಲ್ ತಂದ. ಸ್ಟೀಲಿನ ಬಾಟ್ಲಿ ಇಲ್ಲದೆ ಹೊರಗೆ ಕಾಲಿಡದವನಾದ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಎದ್ದು ಹೋಗಿ ಆಫ್ ಮಾಡುತ್ತಿದ್ದ. ಭಾನುವಾರ ಬೆಳಿಗ್ಗೆ ಎಲ್ಲಿಗೋ ಹೋಗಿ, ಮಧ್ಯಾಹ್ನದ ಹೊತ್ತಿಗೆ ಸೊಂಟದ ತನಕ ಕಪ್ಪು ಕೆಸರು ಮೆತ್ತಿಕೊಂಡು ಬರುತ್ತಿದ್ದ. ಕೇಳಿದರೆ “ಕ್ಲೀನಪ್, ಪಪ್ಪ” ಅಂತ ಒಂದೇ ಮಾತು. ಇಷ್ಟನ್ನೆಲ್ಲ ಕಾಂತಪ್ಪ ಸಹಿಸುತ್ತಿದ್ದ. ಆದರೆ ಸಂಜೆ ಪಾರ್ಸೆಲ್ಲಿನ ಗಿರಾಕಿಗಳು ಸಾಲುಗಟ್ಟುವ ಹೊತ್ತಿಗೆ ಸರಿಯಾಗಿ ಪ್ರೀತಮ್ ಗಲ್ಲಾದಿಂದ ಎದ್ದು ಹೋಗಲು ಶುರುಮಾಡಿದ. ತಲೆನೋವು, ಫ್ರೆಂಡ್ಸ್, ಜಿಮ್ಮು, ದಿನಕ್ಕೊಂದು ನೆಪ.

“ಹುಡುಗಿಯೇ ಇರ್ಬೇಕು,” ಎಂದು ಕಾಂತಪ್ಪ ಹೆಂಡತಿಯ ಹತ್ತಿರ ಹೇಳಿದ್ದ. “ಯಾವಳೋ ತಲೆ ತಿರುಗಿಸಿದ್ದಾಳೆ. ನಾಳೆ ಹೋಟೆಲೂ ಬೇಡ ಅಂತಾನೆ, ನೋಡು.”

“ಹುಡುಗಿಯಾದ್ರೆ ಒಳ್ಳೇದೇ ಆಯ್ತಲ್ಲ,” ಎಂದು ಸೇವಂತಿ ಕೆಸರಿನ ಪ್ಯಾಂಟನ್ನು ಬಕೆಟ್ಟಿಗೆ ಹಾಕುತ್ತ ನಕ್ಕಿದ್ದಳು. “ನೀವು ಹೇಳಿದ್ರೆ ಅವ ಒಂದು ಫ್ಯಾನ್ ಆಫ್ ಮಾಡ್ತಿದ್ನಾ?”

ಸೈಕಲ್ಲು ಗೊರಾಯಿ ಖಾಡಿಯ ಕಡೆಗೆ ತಿರುಗಿತು. ದಂಡೆ ಇನ್ನೂ ದೂರವಿರುವಾಗಲೇ ಕಾಂತಪ್ಪ ರಿಕ್ಷಾ ಇಳಿದು, ಒಂದು ಚಹಾದ ಟಪರಿಯ ಮರೆಯಲ್ಲಿ ನಿಂತ. ಖಾಡಿಗೆ ಒಳನುಗ್ಗುವ ಸಮುದ್ರದ ನೀರು ಆಗ ಇಳಿದಿತ್ತು. ಕಣ್ಣು ಹಾಯುವ ತನಕ ಕಪ್ಪು ಕೆಸರು, ಅದರ ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಹಸಿರು. ಆ ವಾಸನೆ ಮೂಗಿಗೆ ಬಡಿದದ್ದೇ ಅವನಿಗೆ ಊರಿನ ಶಾಂಭವಿ ಹೊಳೆ ನೆನಪಾಯಿತು. ಅಲ್ಲಿ ಇಂಥದೇ ಕಾಂಡ್ಲದ ಬುಡದಲ್ಲಿ ಏಡಿ ಹಿಡಿಯುತ್ತ ಅವನ ಬಾಲ್ಯ ಕಳೆದಿತ್ತು. ಇಲ್ಲಿ ಗಿಡಗಳ ಕೊಂಬೆಗಳಲ್ಲಿ ಬಿಳಿ, ನೀಲಿ, ಕೆಂಪು ಚಿಂದಿಗಳು ಯಾರೋ ಬಟ್ಟೆ ಒಣಗಿಸಿದ ಹಾಗೆ ನೇತಾಡುತ್ತಿದ್ದವು.

ದಂಡೆಯ ಮೇಲೆ ಹತ್ತಿಪ್ಪತ್ತು ಮಂದಿ ಹುಡುಗ ಹುಡುಗಿಯರಿದ್ದರು. ಹಳದಿ ಟೊಪ್ಪಿಯ ಹುಡುಗಿಯೊಬ್ಬಳು ಎಲ್ಲರಿಗೂ ಕೈಗವಸು ಹಂಚುತ್ತ, ಜೋರಾಗಿ ಮಾತಾಡುತ್ತ, ನಗುತ್ತ ಓಡಾಡುತ್ತಿದ್ದಳು. ಪ್ರೀತಮನ ಬೆನ್ನಿಗೆ ಒಂದು ಗುದ್ದು ಕೊಟ್ಟೇ ಕೈಗವಸು ಕೊಟ್ಟಳು. ಇವಳೇ, ಎಂದುಕೊಂಡ ಕಾಂತಪ್ಪ. ಅಷ್ಟರಲ್ಲಿ ಗಡ್ಡದ ಯುವಕನೊಬ್ಬ ಎರಡು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಮಗು ಅವಳನ್ನು ಕಂಡು “ಆಯೀ” ಎಂದು ಕೈಚಾಚಿತು. ಅವಳು ಮಗುವಿನ ಮೂಗು ಒರೆಸಿ, ಗಡ್ಡದವನಿಗೆ ಏನೋ ಗದರಿ, ಪ್ಯಾಂಟು ಮಡಚಿ ಕೆಸರಿಗಿಳಿದಳು.

ಕಾಂತಪ್ಪನಿಗೆ ಸಮಾಧಾನವಾಯಿತೋ ನಿರಾಶೆಯಾಯಿತೋ ಅವನಿಗೇ ಗೊತ್ತಾಗಲಿಲ್ಲ. ಉಳಿದ ಹುಡುಗಿಯರ ಮೇಲೆ ಒಂದು ಸುತ್ತು ಕಣ್ಣಾಡಿಸಿದ. ಪ್ರೀತಮ್ ಅವರ್ಯಾರ ಹತ್ತಿರವೂ ಇರಲಿಲ್ಲ. ಎಲ್ಲರೂ ಒಂದು ಕಡೆ ಗುಂಪಾಗಿ, ಹಾಡು ಹಾಕಿಕೊಂಡು ಕೆಲಸ ಮಾಡುತ್ತಿದ್ದರೆ ಅವನೊಬ್ಬ ದೂರದಲ್ಲಿ ದೋಣಿಗಳು ನಿಲ್ಲುವ ಜೆಟ್ಟಿಯ ಪಕ್ಕದ ಮೂಲೆಯಲ್ಲಿ ಬಗ್ಗಿದ್ದ. ಯಾರೋ ಕಳೆದುಕೊಂಡದ್ದನ್ನು ಹುಡುಕುವವನ ಹಾಗೆ ಕೆಸರನ್ನು ಕೈಯಿಂದ ಬಗೆದು, ಏನನ್ನೋ ಎಳೆದು, ತಿರುಗಿಸಿ ನೋಡಿ, ಬೇಗ ಬೇಗ ಮಡಚಿ ಬೆನ್ನಿನ ಬ್ಯಾಗಿಗೆ ತುರುಕುತ್ತಿದ್ದ. ಉಳಿದವರು ತುಂಬುತ್ತಿದ್ದುದು ದೊಡ್ಡ ಗೋಣಿಗಳಿಗೆ.

ಇನ್ನು ಮರೆಯಲ್ಲಿ ನಿಲ್ಲುವುದು ಕಾಂತಪ್ಪನಿಂದಾಗಲಿಲ್ಲ. ದಂಡೆ ಇಳಿದು, ಚಪ್ಪಲಿ ಬಿಟ್ಟು, ಪ್ಯಾಂಟು ಮೇಲಕ್ಕೆ ಮಡಚಿ ಕೆಸರಿಗೆ ಕಾಲಿಟ್ಟ. ಕೆಸರಿನಲ್ಲಿ ನಡೆಯುವುದನ್ನು ತನಗೆ ಯಾರು ಕಲಿಸಬೇಕು ಎಂಬ ಧೈರ್ಯ. ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋದ. ಐದನೆಯದಕ್ಕೆ ಕಾಲು ಕೆಳಗಿಳಿದದ್ದು ಇಳಿಯುತ್ತಲೇ ಹೋಯಿತು. ಊರಿನ ಹೊಳೆಯಲ್ಲಾದರೆ ಅಡಿಯಲ್ಲಿ ಗಟ್ಟಿ ಮಳಲು ಸಿಗುತ್ತಿತ್ತು. ಇಲ್ಲಿ ಕೆಸರಿನ ಕೆಳಗೆ ಜಾರುವ, ಸುತ್ತಿಕೊಳ್ಳುವ, ಪದರಪದರವಾದ ಏನೋ ಒಂದು. ಇನ್ನೊಂದು ಕಾಲೂ ಸಿಕ್ಕಿಬಿದ್ದು ಅವನು ಪಕ್ಕಕ್ಕೆ ವಾಲಿ ಧಡ್ಡನೆ ಕೂತುಬಿಟ್ಟ.

“ಅರೇ, ಕಾಕಾ ಗಿರ್ ಗಯೇ!” ಎಂದು ಯಾರೋ ಕೂಗಿದರು. ಪ್ರೀತಮ್ ತಲೆಯೆತ್ತಿ ನೋಡಿದ. ಒಂದು ಗಳಿಗೆ ಅವನಿಗೆ ನಂಬಿಕೆಯೇ ಬರಲಿಲ್ಲ.

“ಪಪ್ಪ! ನೀವೆಂತ ಇಲ್ಲಿ?”

ಅವನು, ಹಳದಿ ಟೊಪ್ಪಿಯವಳು, ಇನ್ನೊಬ್ಬ ಹುಡುಗ ಸೇರಿ ಕಾಂತಪ್ಪನನ್ನು ಎಬ್ಬಿಸಿದರು. ಎಡಗಾಲಿಗೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಹಳದಿ ಟೊಪ್ಪಿಯವಳು ಬಗ್ಗಿ ಅದನ್ನು ಎಳೆದು ಬಿಡಿಸಿದಳು. ಒಂದು ಚೀಲ. ಒಳಗೆ ಕೊಳೆತ ಚೆಂಡುಹೂವಿನ ಮಾಲೆ, ಊದುಬತ್ತಿಯ ಖಾಲಿ ಪೊಟ್ಟಣ. ಅವಳು ಚೀಲದ ಕೆಸರನ್ನು ಬೆರಳಿನಿಂದ ಒರೆಸಿ, ನಾಟಕದವರ ಹಾಗೆ ಹಣೆಗೆ ಕೈ ಹಚ್ಚಿಕೊಂಡಳು.

“ಪರತ್ ಶೇವಂತಿ!”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮತ್ತೆ ಶೇವಂತಿ! ಅದು ಅವರಲ್ಲಿ ಹಳೆಯ ತಮಾಷೆ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅವಳು ಕಾಂತಪ್ಪನಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ವಿವರಿಸಿದಳು. ಇಲ್ಲಿ ಅತಿ ಹೆಚ್ಚು ಕೆಲಸ ಕೊಡುವುದು ಈ ಶೇವಂತಿಯೇ, ಕಾಕಾ. ಬಟ್ಟೆಯ ಹಾಗೆ ಕಾಣುತ್ತದೆ, ಬಟ್ಟೆಯಲ್ಲ, ಇದೂ ಪ್ಲಾಸ್ಟಿಕ್ಕೇ. ಚೀಲ ಚಂದ ಇದೆ, ಮೇಲೆ ಶುದ್ಧ ಶಾಕಾಹಾರಿ ಅಂತಲೂ ಬರೆದಿದೆ ನೋಡಿ, ಜನ ದೇವರ ಹೂವನ್ನೆಲ್ಲ ಇದರಲ್ಲೇ ತುಂಬಿ ತಂದು ನೀರಿಗೆ ಬಿಡುತ್ತಾರೆ. ಒಮ್ಮೆಯಾದರೂ ಈ ಶೇವಂತಿಬಾಯಿಯ ದರ್ಶನ ಮಾಡಬೇಕು ಅಂತ ನಮಗೆಲ್ಲ ಆಸೆ.

ಕಾಂತಪ್ಪ ಮಗನ ಮುಖ ನೋಡಿದ. ಮಗ ತಂದೆಯ ಪ್ಯಾಂಟಿನ ಕೆಸರು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ್ದ.

“ನನ್ನ ಹೆಸರು ಶುಭಾಂಗಿ,” ಎಂದಳು ಅವಳು. “ಕಾಕಾ, ನೀವೇನು ಮಾಡಿಕೊಂಡಿದ್ದೀರಿ?”

“ಬಿಸಿನೆಸ್,” ಅಂದ ಕಾಂತಪ್ಪ.

ದಂಡೆಯ ನಲ್ಲಿಯಲ್ಲಿ ಕಾಲು ತೊಳೆದುಕೊಳ್ಳುವಾಗ ತಂದೆ ಮಗ ಇಬ್ಬರೇ. ಆ ಚೀಲಗಳನ್ನು ತಾನು ಹೇಗೆ ತರಿಸಿದ್ದೆಂದು ಕಾಂತಪ್ಪನಿಗೆ ನೆನಪಾಗುತ್ತಿತ್ತು. ಪ್ಲಾಸ್ಟಿಕ್ ಕೊಡಬಾರದೆಂದು ಮುನಿಸಿಪಾಲಿಟಿಯವರು ಕಡ್ಡಾಯ ಮಾಡಿದಾಗ, ಚೀಲ ಪೂರೈಸುವ ಈಶ್ವರ ಈ ಹೊಸ ಮಾಲು ತಂದು, “ಇದು ಬಟ್ಟೆಯೇ ಶೇಟ್ರೇ, ಮುಟ್ಟಿ ನೋಡಿ” ಅಂದಿದ್ದ. ಮುಟ್ಟಿದರೆ ಬಟ್ಟೆಯ ಹಾಗೆಯೇ ಇತ್ತು. ಕಾಂತಪ್ಪ ಹೆಚ್ಚು ಕೇಳಲು ಹೋಗಿರಲಿಲ್ಲ.

“ಎಷ್ಟು ಸಮಯದಿಂದ ಇದು?” ಅಂದ.

“ಮಳೆ ಬಿಟ್ಟ ಮೇಲೆ.”

“ಶುರುವಿಗೇ ಇದಕ್ಕಂತ ಬಂದದ್ದಾ ನೀನು?”

“ಇಲ್ಲ ಪಪ್ಪ. ಫಸ್ಟ್ ಟೈಮ್ ನನ್ನ ಫ್ರೆಂಡ್ ಅಕ್ಷಯ ಎಳ್ಕೊಂಡು ಬಂದ. ಕೆಲ್ಸ ಮುಗಿದ್ಮೇಲೆ ಎಲ್ರೂ ಮಿಸಳ್ ತಿನ್ಲಿಕ್ಕೆ ಹೋಗ್ತಾರೆ, ಅದಕ್ಕೇ ಬಂದದ್ದು. ಸಚ್ಚೀ.” ಪ್ರೀತಮ್ ಗಂಬೂಟಿನೊಳಗಿನ ನೀರು ಚೆಲ್ಲಿದ. “ಅವತ್ತೇ ಸಿಕ್ಕಿತು ಅದು. ಅಮ್ಮನ ಹೆಸ್ರು. ಶುಭಾಂಗಿ ಹೀಗೇ ಜೋಕ್ ಮಾಡಿದ್ಳು. ಅವಳಿಗೇನು ಗೊತ್ತು? ಎಲ್ರೂ ನಗಾಡಿದ್ರು.” ಗಂಬೂಟನ್ನು ಕೆಳಗಿಟ್ಟು ಹೇಳಿದ, “ನಾನೂ ನಗಾಡ್ದೆ, ಪಪ್ಪ.”

ಕಾಂತಪ್ಪ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ.

“ಆಮೇಲೆ ನಾನು ಜೆಟ್ಟಿ ಸೈಡಿಗೇ ಹೋಗುದು. ಅಲ್ಲಿಯೇ ಜಾಸ್ತಿ ಬರ್ತದೆ. ಅವ್ರ ಕೈಗೆ ಸಿಗುದಕ್ಕಿಂತ ಮೊದ್ಲು ತೆಗ್ದು ಬ್ಯಾಗಿಗೆ ಹಾಕ್ತೇನೆ.”

“ಮನೆಯಲ್ಲಿ ಹೇಳ್ಬಹುದಿತ್ತಲ್ಲ ಮಾರಾಯ.”

“ಎಂತ ಹೇಳುದು? ಅಮ್ಮನಿಗೆ ಹೇಳುದಾ?” ಹುಡುಗನ ಸ್ವರ ಸ್ವಲ್ಪ ಏರಿತು. “ಗಲ್ಲಾದಲ್ಲಿ ಕೂತ್ರೆ ನಾನೇ ಕೊಡ್ಬೇಕು. ಶನಿವಾರ ಕೊಡುದು, ಸಂಡೇ ಬಂದು ಹೆಕ್ಕುದು. ಪಾಗಲ್ ಹಾಗೆ ಆಗ್ತದೆ ನಂಗೆ.”

ಆ ದಿನ ಕಾಂತಪ್ಪನಿಗೆ ಊಟ ಸೇರಲಿಲ್ಲ. ಆದರೆ ಅವನು ಯೋಚಿಸುತ್ತ ಕೂರುವ ಜಾತಿಯವನಲ್ಲ. ಮಾರನೆಯ ಬೆಳಿಗ್ಗೆಯೇ ಈಶ್ವರನಿಗೆ ಫೋನ್ ಮಾಡಿದ. ಇನ್ನು ಚೀಲದ ಮೇಲೆ ಹೆಸರು ಬೇಡ. ಹೂವಿನ ಚಿತ್ರ ಬೇಡ, ಫೋನ್ ನಂಬರ್ ಬೇಡ, ಏನೂ ಬೇಡ. ಖಾಲಿ ಬಿಳಿ ಚೀಲ. ಹಳೆಯದನ್ನೆಲ್ಲ ವಾಪಸು ಒಯ್ದುಬಿಡು. ಹೊಸ ಚೀಲಗಳ ಗಂಟು ಬಂದು ಇಳಿದ ದಿನ ಸಂಜೆ ಮಗನನ್ನು ಕರೆದು ಒಂದು ಚೀಲ ಕೈಗೆ ಕೊಟ್ಟ. “ನೋಡು. ಇನ್ನು ಯಾರೂ ನಗಾಡುದಿಲ್ಲ.”

ಪ್ರೀತಮ್ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಸರಿ ಪಪ್ಪ,” ಎಂದ. ತಂದೆ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿದ್ದನೆಂದು ಅವನಿಗೆ ಗೊತ್ತಾಯಿತೇನೋ, ಅಂದು ಸಂಜೆ ಗಲ್ಲಾದಲ್ಲಿ ಕೂತ. ಹಲವು ದಿನಗಳ ಮೇಲೆ ಕೂತಿದ್ದ. ಪಾರ್ಸೆಲ್ ಕಟ್ಟುವ ಬಸವಂತಪ್ಪ ಒಂದೊಂದೇ ಬಿಳಿ ಚೀಲ ಮುಂದಕ್ಕೆ ನೂಕುತ್ತಿದ್ದ. ಪ್ರೀತಮ್ ಒಂದೊಂದನ್ನೇ ಗಿರಾಕಿಗಳ ಕೈಗೆ ಕೊಡುತ್ತಿದ್ದ. ಸಣ್ಣವನಿದ್ದಾಗ ಕಹಿ ಔಷಧಿ ಕುಡಿಯುವಾಗ ಅವನ ಮುಖ ಹೀಗೇ ಇರುತ್ತಿತ್ತು. ಹಟವಿಲ್ಲ, ಅಳುವಿಲ್ಲ. ಕಾಂತಪ್ಪ ಅದನ್ನು ನೋಡಿಯೂ ನೋಡದವನಂತೆ ಅಡುಗೆಮನೆಯ ಕಡೆ ಹೋದ.

ಶುಕ್ರವಾರ ಬೆಳಿಗ್ಗೆ ಸೇವಂತಿ ಹೋಟೆಲಿಗೆ ಬರುವ ದಿನ. ಗಲ್ಲಾದ ಮೇಲಿನ ದೇವರ ಪಟಗಳಿಗೆ ಅವಳೇ ಮಾಲೆ ಹಾಕಬೇಕು. ಸ್ಟೂಲಿನಿಂದ ಇಳಿಯುವಾಗ ಪಾರ್ಸೆಲ್ ಕೌಂಟರಿನ ಮೊಳೆಯಲ್ಲಿ ನೇತಾಡುವ ಬಿಳಿ ಚೀಲಗಳು ಕಂಡವು.

“ಇದೆಂತದು? ನನ್ನ ಹೆಸರೆಲ್ಲಿ ಹೋಯ್ತು?” ಎಂದು ನಗುತ್ತಲೇ ಕೇಳಿದಳು.

“ಶೇಠ್ರು ತಗಸ್ಯಾರ್ರಿ ಅಕ್ಕಾರ,” ಎಂದ ಬಸವಂತಪ್ಪ. “ಛಂದ ಕಾಣತಿತ್ತು. ಯಾಕ ತಗಸಿದ್ರೋ ಏನೋ.”

ಪ್ರೆಸ್ಸಿನವರದು ತಪ್ಪಾಯಿತು ಅಂತ ಹೇಳಬೇಕೆಂದು ಕಾಂತಪ್ಪ ಮೊದಲೇ ಯೋಚಿಸಿಟ್ಟಿದ್ದ. ಅವಳು ತಿರುಗಿ ನೋಡಿದಾಗ ಅದು ಬಾಯಿಗೆ ಬರಲಿಲ್ಲ. ತಿಂಡಿಯ ಹೊತ್ತು ಮುಗಿದು, ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಮೂಲೆಯ ಖಾಲಿ ಟೇಬಲ್ಲಿನಲ್ಲಿ ಅವಳನ್ನು ಕೂರಿಸಿ, ಚಹಾ ತರಿಸಿ, ರಿಕ್ಷಾ ಹತ್ತಿದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದ. ತಾನು ಬಿಸಿನೆಸ್ ಅಂದದ್ದನ್ನೂ ಹೇಳಿದ.

ಸೇವಂತಿ ಚಹಾ ಮುಟ್ಟಲಿಲ್ಲ. “ನಗಾಡಿದ್ರಾ?” ಎಂದಳು.

“ಮಕ್ಕಳು. ಗೊತ್ತಿಲ್ಲದೆ.”

“ಇವನೂ?”

“ಇವನೂ. ಮೊದಲ ಸಲ.”

ಅವಳು ಟೇಬಲ್ಲಿನ ಮೇಲೆ ಚಹಾದ ಲೋಟ ಬಿಟ್ಟ ಒದ್ದೆಯ ಉಂಗುರವನ್ನು ಬೆರಳಿನಿಂದ ಒರೆಸುತ್ತ ಕೂತಳು. ಈಗ ಅಳುತ್ತಾಳೆ ಎಂದುಕೊಂಡ ಕಾಂತಪ್ಪ. ಅವಳು ಅಳಲಿಲ್ಲ.

“ವಾರ ವಾರ ಆ ಪ್ಯಾಂಟು ನಾನೇ ಒಗ್ದದ್ದು,” ಎಂದಳು. “ಒಂದು ಮಾತು ಹೇಳ್ಲಿಲ್ಲ, ಪಾಪದ್ದು. ನನ್ನ ಹೆಸ್ರನ್ನು ಬ್ಯಾಗಿನಲ್ಲಿ ಮುಚ್ಚಿಟ್ಕೊಂಡು ತಂದನಾ?”

“ನಿನಗೆ ಬೇಜಾರಾಗ್ಬಾರ್ದು ಅಂತ.”

“ಅವ ಮಗು, ಬಿಡಿ. ನೀವು? ಇಡುವಾಗಲೂ ನನ್ನತ್ರ ಕೇಳ್ಲಿಲ್ಲ, ತೆಗೆಯುವಾಗಲೂ ಕೇಳ್ಲಿಲ್ಲ.”

“ನಿನಗೆ ಅವಮಾನ ಆಗ್ತದೆ ಅಂತಲೇ ತೆಗೆಸಿದ್ದು, ಮಾರಾಯ್ತಿ.”

“ನನಗಾ, ನಿಮಗಾ?”

ಅವಳು ಮೊಳೆಯ ಕಡೆ ಗಲ್ಲ ಎತ್ತಿ ತೋರಿಸಿದಳು. “ಈ ಚೀಲವೂ ಹೋಗಿ ಬೀಳುದು ಅಲ್ಲಿಗೇ ಅಲ್ವಾ?”

“ಬೀಳ್ತದೆ. ಆದ್ರೆ ಯಾರದ್ದಂತ ಗೊತ್ತಾಗುದಿಲ್ಲ.”

ಸೇವಂತಿ ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಹಾಗೆ ನೋಡಿದ್ದು ಅವನಿಗೆ ನೆನಪಿಲ್ಲ. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೌಂಟರಿಗೆ ಹೋದಳು.

“ಬಸವಂತಪ್ಪ, ಈ ಗಂಟನ್ನು ತೆಗ್ದು ಅಟ್ಟಕ್ಕೆ ಹಾಕು.”

“ಅಟ್ಟಕ್ಕ? ಮತ್ತ ಪಾರ್ಸೆಲ್ ಯಾತರಾಗ ಕೊಡ್ಲಿರಿ ಅಕ್ಕಾರ?”

“ಮನೆಯಿಂದ ಬಟ್ಟೆಯ ಥೈಲಿ ತನ್ನಿ ಅಂತ ಗಿರಾಕಿಗಳಿಗೆ ಹೇಳು.”

“ತರಲಾರದವ್ರಿಗೆ?”

ಸೇವಂತಿಗೆ ಅದು ಹೊಳೆದಿರಲಿಲ್ಲ. “ಕೈಯಲ್ಲಿ ಹಿಡ್ಕೊಂಡು ಹೋಗ್ಲಿ,” ಎಂದಳು. ಬಸವಂತಪ್ಪ ಶೇಠರ ಕಡೆ ನೋಡಿದ. ಕಾಂತಪ್ಪ ಅಟ್ಟದ ಕಡೆ ನೋಡಿದ.

ಸಂಜೆ ಅಂದುಕೊಂಡಂತೆಯೇ ಆಯಿತು. ಕೆಲವರು ಗೊಣಗಿದರು. ನಿತ್ಯ ಬರುವ ಒಬ್ಬ ಗುಜರಾತಿ ಮುದುಕ, ಕಟ್ಟಿದ ಇಡ್ಲಿಯನ್ನು ಕೌಂಟರಿನ ಮೇಲೆಯೇ ಬಿಟ್ಟು ಹೊರಟುಹೋದ. ಸ್ಕೂಟರಿನ ಡಿಕ್ಕಿಯಿಂದ ಚೀಲ ತೆಗೆದು ತಂದವರೂ ಇದ್ದರು. ಉಳಿದವರಿಗೆ ಬಸವಂತಪ್ಪ ಹಳೆಯ ಪೇಪರು ಸುತ್ತಿ, ದಾರ ಬಿಗಿದು, ಹಿಡಿದುಕೊಳ್ಳಲು ಒಂದು ಕುಣಿಕೆ ಹಾಕಿ ಕೊಟ್ಟ. ಸಾಂಬಾರಿನ ಪ್ಲಾಸ್ಟಿಕ್ ಪೊಟ್ಟಣ ಮಾತ್ರ ಹಾಗೆಯೇ ಇತ್ತು. ಅದಕ್ಕೇನು ಮಾಡುವುದೆಂದು ಯಾರಿಗೂ ತಿಳಿದಿರಲಿಲ್ಲ. ಕರೆಯದೆಯೇ ಬಂದ ಪ್ರೀತಮ್ ಮೊಳೆ ಖಾಲಿಯಿರುವುದನ್ನು ನೋಡಿ ನಿಂತ.

“ಅಕ್ಕಾರ ಹೇಳ್ಯಾರ,” ಎಂದ ಬಸವಂತಪ್ಪ.

ಪ್ರೀತಮ್ ತಂದೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಅಮ್ಮನಿಗೆ ಹೇಳಿದ್ರಾ? ನಾನು ನಗಾಡಿದ್ದೂ?”

ಕಾಂತಪ್ಪ ಹೌದೆಂದು ತಲೆಯಾಡಿಸಿದ. ಆ ರಾತ್ರಿಯಾಗಲಿ, ಶನಿವಾರವಾಗಲಿ ಸೇವಂತಿ ಆ ಮಾತೆತ್ತಲಿಲ್ಲ. ಎಂದಿನಂತೆ ಬಡಿಸಿದಳು, ಎಂದಿನಂತೆ ಇನ್ನೊಂದು ದೋಸೆ ಹಾಕಿಕೋ ಅಂದಳು. ಮಗ ತಟ್ಟೆಯಿಂದ ಕಣ್ಣೆತ್ತದೆ ತಿಂದು ಎದ್ದ.

ಭಾನುವಾರ ಬೆಳಿಗ್ಗೆ ಕಾಂತಪ್ಪ ಎದ್ದು ಬಂದಾಗ ಪ್ರೀತಮ್ ಬಾಗಿಲ ಹೊರಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.

“ಇನ್ನೆಂತಕ್ಕೆ ಹೋಗುದು? ಹೆಸರೂ ಇಲ್ಲ, ಚೀಲವೂ ಇಲ್ಲ.”

“ಹಳೇದೇ ತುಂಬಾ ಉಂಟು, ಪಪ್ಪ,” ಎಂದ ಪ್ರೀತಮ್, ಪಂಪು ಒತ್ತುತ್ತಲೇ.

ಒಳಗಿನಿಂದ ಸೇವಂತಿ ಬಂದಳು. ಮನೆ ತೊಳೆಯುವಾಗ ಉಡುವ ಹಳೆಯ ನೂಲಿನ ಸೀರೆ, ಕೂದಲು ಬಿಗಿಯಾಗಿ ಕಟ್ಟಿ ಮೇಲಕ್ಕೆತ್ತಿದ ಗಂಟು.

“ಒಂದು ರಿಕ್ಷಾ ಕರೀರಿ.”

“ಯಾರಿಗೆ?”

“ನನಗೆ. ಬರುದಾದ್ರೆ ನಿಮಗೂ.”

ಪ್ರೀತಮ್ ಪಂಪು ಬಿಟ್ಟು ಎದ್ದು ನಿಂತ. “ಅಮ್ಮ, ಬೇಡ. ಪ್ಲೀಸ್. ಅಲ್ಲಿ ತುಂಬ ಗಂದಾ, ಗಲೀಜು ಇರ್ತದೆ. ಸ್ಲಿಪ್ ಆಗ್ತದೆ. ಪಪ್ಪನೇ ಬಿದ್ರು.”

“ನಿನ್ನ ಪಪ್ಪ ಬಿದ್ದದ್ದು ಯಾರೂ ಹಿಡ್ಕೊಳ್ಳದೆ,” ಎಂದು ಅವಳು ಲಿಫ್ಟಿನ ಗುಂಡಿ ಒತ್ತಿದಳು.

ದಂಡೆಯ ಮೇಲೆ ಅವರನ್ನು ಮೊದಲು ಕಂಡವಳು ಶುಭಾಂಗಿಯೇ. “ಕಾಕಾ, ಪರತ್ ಆಲಾತ್!” ಎಂದು ಕೈಬೀಸುತ್ತ ಓಡಿ ಬಂದಳು. ಅವಳ ಮಣಿಕಟ್ಟಿನಲ್ಲಿ ಅಂಟುಪಟ್ಟಿಯ ಸುರುಳಿ, ಕೈಯಲ್ಲಿ ದಪ್ಪ ಪೆನ್ನು. ಅಂದು ಕಾಲೇಜಿನ ಹೊಸ ಮಕ್ಕಳು ಬಂದಿದ್ದರು. ಒಬ್ಬರನ್ನೊಬ್ಬರು ಕರೆಯಲು ಅನುಕೂಲವಾಗಲೆಂದು ಎಲ್ಲರ ಎದೆಗೂ ಹೆಸರು ಬರೆದು ಅಂಟಿಸುತ್ತಿದ್ದಳು. ಸೇವಂತಿಯನ್ನು ನೋಡಿ, “ಕಾಕೂ, ಆಪ್?” ಅಂದಳು.

“ಪ್ರೀತಮ್ ಕೀ ಮಮ್ಮಿ.”

ಅಷ್ಟೇ ಹೇಳುತ್ತಾಳೇನೋ ಎಂದುಕೊಂಡ ಕಾಂತಪ್ಪ. ಪಕ್ಕದಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದ ಪ್ರೀತಮನ ಕೈಯೂ ಹಾಗೆಯೇ ನಿಂತಿತ್ತು. ಶುಭಾಂಗಿ ಹರ್ಷದಿಂದ ಪಟ್ಟಿ ಹರಿದು, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದಳು.

“ನಾಮ್, ಕಾಕೂ?”

“ಶೇವಂತಿ.”

ಪೆನ್ನು ಪಟ್ಟಿಯ ಮೇಲೆ ನಿಂತಿತು. ಅಮ್ಮನೂ ತಮಾಷೆಯಲ್ಲಿ ಸೇರಿಕೊಂಡಳೆಂದು ಶುಭಾಂಗಿ ನಗಲು ಹೊರಟಳು. ನಗುತ್ತಲೇ ಪ್ರೀತಮನ ಕಡೆ ನೋಡಿದಳು. ಅವನು ನಗುತ್ತಿರಲಿಲ್ಲ. ಅವಳ ನಗು ಬಾಯಲ್ಲಿಯೇ ಉಳಿಯಿತು. ಹಿಂದೆ ನಿಂತಿದ್ದವರ ಮಾತೂ ಒಬ್ಬೊಬ್ಬರದಾಗಿ ನಿಂತಿತು. ಯಾರೋ ಹಾಡನ್ನು ಬಂದ್ ಮಾಡಿದರು.

“ಹೋಟೆಲ್ ಭೀ ಹಮಾರಾ ಹೀ ಹೈ,” ಎಂದಳು ಸೇವಂತಿ, ಮಾರ್ಕೆಟ್ಟಿನಲ್ಲಿ ಮಾತಾಡುವಷ್ಟೇ ಸಹಜವಾಗಿ. “ಲಿಖೋ ಬೇಟಾ.”

ಶುಭಾಂಗಿಯ ಕಿವಿಗಳು ಕೆಂಪಾಗಿದ್ದವು. ತಲೆ ಬಗ್ಗಿಸಿ ದೊಡ್ಡ ಅಕ್ಷರಗಳಲ್ಲಿ ಬರೆದಳು. ಅಂಟಿಸಲು ಕೈ ಬಾರದೆ ನಿಂತಾಗ ಸೇವಂತಿಯೇ ಪಟ್ಟಿಯನ್ನು ತೆಗೆದುಕೊಂಡು ಸೆರಗಿನ ಮೇಲೆ ಒತ್ತಿಕೊಂಡಳು. ಶುಭಾಂಗಿ ಕಾಂತಪ್ಪನ ಕಡೆ ತಿರುಗಿದಳು. “ಕಾಕಾ, ಆಪ್ನೇ ತೋ ಬಿಸಿನೆಸ್ ಬೋಲಾ ಥಾ.”

“ಹಾಂ,” ಎಂದ ಕಾಂತಪ್ಪ. “ಯಹೀ ಬಿಸಿನೆಸ್ ಹೈ.”

ಸೇವಂತಿ ಮಗನ ಹತ್ತಿರ ಹೋಗಿದ್ದಳು. “ಎಲ್ಲಿ ಜಾಸ್ತಿ ಉಂಟು, ತೋರಿಸು,” ಎಂದಳು. ಪ್ರೀತಮ್ ತನ್ನ ಕೈಗವಸು ಬಿಚ್ಚಿ ಅವಳ ಕೈಗಳಿಗೆ ಒಂದೊಂದಾಗಿ ಹಾಕಿದ. ಅವಳ ಬೆರಳುಗಳಿಗೆ ಅದು ದೊಡ್ಡದಾಯಿತು. ಅವನು ಜೆಟ್ಟಿಯ ಕಡೆ ಕೈ ತೋರಿಸಿದ. ಅವಳು ಚಪ್ಪಲಿ ಕಳಚಿ, ಅತ್ತಿತ್ತ ನೋಡಿ, ಗಂಡನ ಕೈಗೆ ಕೊಟ್ಟಳು. ಆಮೇಲೆ ಸೀರೆಯನ್ನು ಮೊಣಕಾಲಿಗೆತ್ತಿ, ಮಗನ ಹೆಗಲು ಹಿಡಿದು ದಂಡೆ ಇಳಿದಳು.

ಅಮ್ಮ ಮಗ ಇಬ್ಬರೂ ಹೆಜ್ಜೆ ಹೆಜ್ಜೆಗೂ ತಡೆಯುತ್ತ ನಡೆಯುತ್ತಿದ್ದರು. ಅವಳು ಕಾಲು ಊರುವಲ್ಲೆಲ್ಲ ಮೊದಲು ಅವನು ಊರಿ ನೋಡುತ್ತಿದ್ದ. ಒಂದು ಕಡೆ ಅವಳು ಜಾರಿ, ಅವನ ಅಂಗಿಯನ್ನೇ ಹಿಡಿದು ನಿಂತು ಏನೋ ಹೇಳಿದಳು. ದಂಡೆಗೆ ಅದು ಕೇಳಿಸಲಿಲ್ಲ. ಪ್ರೀತಮ್ ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕದ್ದು ಮಾತ್ರ ಕಂಡಿತು.

ಕಾಂತಪ್ಪ ಹೆಂಡತಿಯ ಚಪ್ಪಲಿಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಕೆಳಗಿಡೋಣವೆಂದರೆ ಸುತ್ತ ಎಲ್ಲ ಒದ್ದೆ. ದಂಡೆಯ ಉದ್ದಕ್ಕೂ ನಡೆದು, ಬಿಸಿಲು ಬಿದ್ದಿದ್ದ ಒಂದು ಕಲ್ಲು ಹುಡುಕಿ, ಅಂಗೈಯಿಂದ ಅದರ ಧೂಳು ಒರೆಸಿ, ಅವನ್ನು ಜೋಡಿಯಾಗಿ ಇಟ್ಟ. ಪಕ್ಕದಲ್ಲಿ ಇನ್ನೊಂದು ಜೋಡಿಗೆ ಜಾಗವಿತ್ತು. ಅವನು ಬಗ್ಗಿ ಪ್ಯಾಂಟು ಮಡಚತೊಡಗಿದ.